ಗಲ್ಲಾದ ಲೆಕ್ಕ, ಗಾಳಿಯ ಲೆಕ್ಕ: ಭೂಮಿ ಬಿಸಿಯಾಗಲು ನಾವೇ ಕಾರಣವೇ?

2025ರ ಮೇ 26ಕ್ಕೆ ಮುಂಬಯಿಗೆ ಮುಂಗಾರು ಬಂತು. ಸಾಮಾನ್ಯವಾಗಿ ಬರುವುದು ಜೂನ್ 11ರ ಸುಮಾರಿಗೆ. 1950ರಿಂದ ಈಚೆಗೆ ಇಷ್ಟು ಬೇಗ ಬಂದ ದಾಖಲೆಯೇ ಇಲ್ಲ. ಕೊಲಾಬಾದಲ್ಲಿ ಆ ತಿಂಗಳು ಸುರಿದ ಮಳೆ 1918ರ ಮೇ ತಿಂಗಳ ದಾಖಲೆಯನ್ನೂ ದಾಟಿತು.

ಆ ವಾರ ಮಾಟುಂಗಾದಲ್ಲಿ ಮಾವನ ಹೋಟೆಲಿಗೆ ಹೋಗಿದ್ದೆ. ಮಾವ ಉಡುಪಿ ಕಡೆಯವರು. ಹದಿಮೂರನೇ ವಯಸ್ಸಿಗೆ ಊರು ಬಿಟ್ಟು ಬಂದು, ಫೋರ್ಟ್‌ನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕಲಿತವರು. ಎಪ್ಪತ್ತು ದಾಟಿದ ಮೇಲೂ ಗಲ್ಲಾದಲ್ಲಿ ಅವರೇ ಕೂರುತ್ತಾರೆ. ಹೊರಗೆ ಮಳೆ ನೋಡುತ್ತ ಹೇಳಿದರು: "ಊರಲ್ಲಿ ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕು ಅಂತಾರೆ. ಈಗ ಮುಂಬಯಿಗೂ ಪತ್ತನಾಜೆಯ ಮಳೆ ಬಂತಲ್ಲ ಮಾರಾಯ್ತಿ!" ಪತ್ತನಾಜೆ ಎಂದರೆ ತುಳುನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ, ಮೇ 24ರ ಸುಮಾರಿಗೆ ಬರುವ ಆಚರಣೆಯ ದಿನ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಮಾವ, "ನೀವೆಲ್ಲ ಇದನ್ನು ಮನುಷ್ಯ ಮಾಡಿದ್ದು ಅಂತೀರಿ. ಮಳೆ, ಬಿಸಿಲು ಮನುಷ್ಯನ ಕೈಯಲ್ಲಿ ಉಂಟಾ?" ಎಂದು ಕೇಳಿದರು.

ಒಂದು ವರ್ಷ ಮಳೆ ಬೇಗ ಬಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಅದನ್ನು ಮಾವನಿಗೆ ಮೊದಲೇ ಒಪ್ಪಿಕೊಂಡೆ. ಮುಂಗಾರು ಹಿಂದೆಯೂ ಬೇಗ ಬಂದಿದೆ, ತಡವಾಗಿಯೂ ಬಂದಿದೆ. ಆದರೆ ಅವರ ಪ್ರಶ್ನೆ ಮಳೆಯದ್ದಷ್ಟೇ ಅಲ್ಲ. ಇಡೀ ಭೂಮಿ ಬಿಸಿಯಾಗುತ್ತಿರುವುದು ಯಾರಿಂದ ಎನ್ನುವುದು ಅದರೊಳಗಿನ ಪ್ರಶ್ನೆ. ಲೋಕಲ್ ಟ್ರೇನಿನಲ್ಲಿ, ಸಂಘದ ಕಾರ್ಯಕ್ರಮಗಳ ಚಹಾ ಹೊತ್ತಿನಲ್ಲಿ ನಾನು ಇದನ್ನು ಎಷ್ಟೋ ಸಲ ಕೇಳಿದ್ದೇನೆ. ಕೇಳುವವರು ಮೂರ್ಖರಲ್ಲ. ಅವರಿಗೆ ಯಾರೂ ಲೆಕ್ಕ ತೋರಿಸಿಲ್ಲ, ಅಷ್ಟೇ.

ಲೆಕ್ಕ ಗಲ್ಲಾದಿಂದಲೇ ಶುರುಮಾಡೋಣ.

ಮಾವ ದಿನಾ ಬೆಳಿಗ್ಗೆ ಗಲ್ಲಾಕ್ಕೆ 100 ರೂಪಾಯಿ ಹಾಕುತ್ತಾರೆ ಅಂದುಕೊಳ್ಳಿ. ರಾತ್ರಿ ಎಣಿಸಿದರೆ 45 ರೂಪಾಯಿ ಮಾತ್ರ ಹೆಚ್ಚಾಗಿದೆ. ಇದು ದಿನಾ ನಡೆಯುತ್ತಿದೆ. ಈಗ ಯಾರಾದರೂ ಬಂದು, "ಗಲ್ಲಾ ತುಂಬುತ್ತಿರುವುದು ನಿಮ್ಮ ದುಡ್ಡಿನಿಂದ ಅಲ್ಲ, ಬೇರೆ ಯಾರೋ ಹಾಕುತ್ತಿದ್ದಾರೆ" ಎಂದರೆ ಮಾವ ಒಪ್ಪುತ್ತಾರೆಯೇ? ಹಾಕಿದ್ದಕ್ಕಿಂತ ಕಮ್ಮಿ ಉಳಿದಿದೆ ಎಂದರೆ ಬೇರೆಯವರೆಲ್ಲ ಸೇರಿ ಗಲ್ಲಾದಿಂದ ತೆಗೆಯುತ್ತಿದ್ದಾರೆ ಎಂದೇ ಅರ್ಥ.

ನೆಲದ ಶಾಖವನ್ನು ಹಿಡಿದಿಡುವ ಅನಿಲ ಇಂಗಾಲದ ಡೈಆಕ್ಸೈಡ್. ಗಾಳಿಯಲ್ಲಿ ಅದರ ಕಥೆಯೂ ಇದೇ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ಗ್ಯಾಸ್ ಉರಿಸಿ, ಸಿಮೆಂಟ್ ಮಾಡಿ ಮನುಷ್ಯರು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೊರಗೆ ಬಿಡುತ್ತೇವೆ. ಕಾಡು ಕಡಿದದ್ದರ ಪಾಲು ಬೇರೆ. ಬಿಟ್ಟದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಗಾಳಿಯಲ್ಲಿ ಉಳಿಯುತ್ತದೆ. ಉಳಿದದ್ದನ್ನು ಗಿಡಮರ, ಮಣ್ಣು ಮತ್ತು ಸಮುದ್ರ ಎಳೆದುಕೊಳ್ಳುತ್ತವೆ. ಅಂದರೆ ಪ್ರಕೃತಿ ಒಟ್ಟಿನಲ್ಲಿ ಗಾಳಿಗೆ ತುಂಬುತ್ತಿಲ್ಲ. ನಾವು ತುಂಬಿದ್ದನ್ನು ಆದಷ್ಟು ಖಾಲಿ ಮಾಡುತ್ತಿದೆ. ಇಷ್ಟು ಸರಳವಾದ ವಾದ ಜನರ ಬಾಯಲ್ಲಿ ಯಾಕೆ ಇಲ್ಲ ಎಂದು ನನಗೆ ಯಾವಾಗಲೂ ಬೇಸರ.

ಕಾರ್ಖಾನೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280 ಈ ಅನಿಲದ್ದಾಗಿದ್ದವು. ಅಂಟಾರ್ಕ್ಟಿಕಾದ ಹಿಮದೊಳಗೆ ಸಿಕ್ಕಿಕೊಂಡ ಹಳೆಯ ಗಾಳಿಯ ಗುಳ್ಳೆಗಳಿಂದ ಇದು ಗೊತ್ತು. ಆ ಗುಳ್ಳೆಗಳಲ್ಲಿ 8 ಲಕ್ಷ ವರ್ಷಗಳ ಲೆಕ್ಕ ಇದೆ. ಅಷ್ಟು ಕಾಲದಲ್ಲಿ ಅಂಕೆ 300ರ ಆಸುಪಾಸನ್ನು ದಾಟಿ ಮೇಲೆ ಹೋಗಿರಲಿಲ್ಲ. 1958ರಲ್ಲಿ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರುಮಾಡಿದಾಗ ಅದು 315 ಇತ್ತು. ಈಗ 420 ದಾಟಿದೆ.

"ಸರಿ, ಜಾಸ್ತಿ ಆಗಿದೆ. ಆದರೆ ಅದು ಜ್ವಾಲಾಮುಖಿಯದ್ದು ಯಾಕಾಗಬಾರದು?" ಮಾವ ಬಿಡುವವರಲ್ಲ.

ಈ ಪ್ರಶ್ನೆ ಮುಂಬಯಿಯಲ್ಲಿ ಕೇಳಿದ್ದು ನನಗೆ ಖುಷಿ. ಯಾಕೆಂದರೆ ನಾವು ನಿಂತಿರುವ ನೆಲವೇ ಲಾವಾ. ಅಂಧೇರಿಯ ಗಿಲ್ಬರ್ಟ್ ಹಿಲ್ ನೋಡಿದ್ದೀರಾ? ಸುತ್ತ ಕಟ್ಟಡಗಳ ನಡುವೆ ಕಪ್ಪು ಕಂಬಗಳ ಗುಡ್ಡ. ಆರು ಕೋಟಿ ವರ್ಷಕ್ಕೂ ಹಿಂದೆ ದಖ್ಖನಿನ ತುಂಬ ಹರಿದ ಲಾವಾ ತಣಿದು ಆದದ್ದು ಅದು. ಬೆಂಗಳೂರಿಗೆ ಹೋಗುವಾಗ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವ ಖಂಡಾಲಾ ಘಾಟಿಯ ಕಲ್ಲೂ ಅದೇ. ಆ ಕಾಲದಲ್ಲಿ ಜ್ವಾಲಾಮುಖಿಗಳು ಉಗುಳಿದ ಅನಿಲ ಹವಾಮಾನವನ್ನೇ ಅಲ್ಲಾಡಿಸಿತ್ತು. ಹಾಗಾಗಿ ಮಾವನ ಅನುಮಾನಕ್ಕೆ ಆಧಾರ ಇದೆ. ಆದರೆ ಇವತ್ತಿನ ಜ್ವಾಲಾಮುಖಿಗಳನ್ನು ಅಳೆದಿದ್ದಾರೆ. ಜಗತ್ತಿನ ಎಲ್ಲಾ ಜ್ವಾಲಾಮುಖಿಗಳು ಸೇರಿ ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ ನಾವು ಬಿಡುವುದರ ನೂರರಲ್ಲಿ ಒಂದು ಪಾಲಿನ ಸುಮಾರಿಗೆ ನಿಲ್ಲುತ್ತದೆ.

ಇದಕ್ಕಿಂತ ಗಟ್ಟಿ ಸಾಕ್ಷಿ ಆ ಅನಿಲದ ಒಳಗೇ ಇದೆ. ನನಗೆ ತುಂಬ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಂಗಾಲದಲ್ಲಿ ಮೂರು ಬಗೆ. ಹಗುರವಾದ 12, ಸ್ವಲ್ಪ ಭಾರದ 13, ಮತ್ತೆ ನಿಧಾನವಾಗಿ ಕರಗಿಹೋಗುವ 14. ಈ 14ರ ಇಂಗಾಲ ಗಾಳಿಯಲ್ಲಿ ಹುಟ್ಟುತ್ತಲೇ ಇರುತ್ತದೆ. ಬದುಕಿರುವ ಗಿಡ, ಪ್ರಾಣಿ, ನಮ್ಮ ಮೈ, ಎಲ್ಲದರಲ್ಲೂ ಅದು ಇದೆ. ಸತ್ತ ಮೇಲೆ ಸುಮಾರು 5,730 ವರ್ಷಕ್ಕೊಮ್ಮೆ ಅರ್ಧರ್ಧ ಕಮ್ಮಿಯಾಗುತ್ತದೆ. ನಮ್ಮ ದೇಶದ ಹೆಚ್ಚಿನ ಕಲ್ಲಿದ್ದಲು 25 ಕೋಟಿ ವರ್ಷಕ್ಕೂ ಹಳೆಯದು. ಅದರಲ್ಲಿ 14ರ ಇಂಗಾಲ ಲವಲೇಶವೂ ಉಳಿದಿಲ್ಲ. ಹಾಗಾದರೆ ಕಲ್ಲಿದ್ದಲಿನ ಹೊಗೆ ಗಾಳಿಗೆ ಸೇರುತ್ತಾ ಹೋದಂತೆ ಗಾಳಿಯಲ್ಲಿ 14ರ ಪಾಲು ತೆಳುವಾಗಬೇಕು. ಹಾಲಿಗೆ ನೀರು ಬೆರೆಸಿದ ಹಾಗೆ. 1950ರ ದಶಕದಲ್ಲಿ ಹಾನ್ಸ್ ಸೂಸ್ ಎಂಬ ವಿಜ್ಞಾನಿ ಮರದ ಉಂಗುರಗಳಲ್ಲಿ ಕಂಡದ್ದು ಇದನ್ನೇ. ಇನ್ನು ಗಿಡಗಳು 13ಕ್ಕಿಂತ 12ರ ಇಂಗಾಲವನ್ನು ಜಾಸ್ತಿ ಎಳೆದುಕೊಳ್ಳುತ್ತವೆ. ಕಲ್ಲಿದ್ದಲು, ಕಚ್ಚಾ ತೈಲ ಎರಡೂ ಒಂದು ಕಾಲದ ಜೀವಿಗಳೇ. ಅವನ್ನು ಉರಿಸಿದರೆ ಗಾಳಿಯಲ್ಲಿ 13ರ ಪಾಲೂ ಇಳಿಯಬೇಕು. ಇಳಿಯುತ್ತಿದೆ. ಜ್ವಾಲಾಮುಖಿಯ ಇಂಗಾಲಕ್ಕೆ ಈ ಗಿಡದ ಗುರುತು ಇರುವುದಿಲ್ಲ.

ಇನ್ನೂ ಒಂದಿದೆ. ಏನನ್ನೇ ಉರಿಸಿದರೂ ಆಮ್ಲಜನಕ ಖರ್ಚಾಗುತ್ತದೆ. ಗಾಳಿಯಲ್ಲಿ ಆಮ್ಲಜನಕ ತೀರಾ ಸಣ್ಣ ಪ್ರಮಾಣದಲ್ಲಿ ಇಳಿಯುತ್ತಿರುವುದನ್ನು ಕೀಲಿಂಗ್ ಅವರ ಮಗ ರಾಲ್ಫ್ ಕೀಲಿಂಗ್ ಅಳೆದು ತೋರಿಸಿದ್ದಾರೆ. ಉಸಿರಾಟಕ್ಕೆ ತೊಂದರೆಯಾಗುವಷ್ಟಲ್ಲ, ಹೆದರಬೇಡಿ. ಆದರೆ ಎಲ್ಲೋ ಒಲೆ ಉರಿಯುತ್ತಿದೆ ಎಂದು ಹೇಳಲು ಅಷ್ಟು ಸಾಕು.

ಅನಿಲ ನಮ್ಮದೇ ಎಂದಾಯಿತು. ಬಿಸಿ ಆ ಅನಿಲದ್ದೇ ಎಂದು ಹೇಗೆ ಗೊತ್ತು? ಸೂರ್ಯನೇ ಜಾಸ್ತಿ ಉರಿಯುತ್ತಿರಬಹುದಲ್ವಾ?

1970ರ ದಶಕದ ಕೊನೆಯಿಂದ ಉಪಗ್ರಹಗಳು ಸೂರ್ಯನ ಶಾಖವನ್ನು ಅಳೆಯುತ್ತಿವೆ. ಸುಮಾರು 11 ವರ್ಷಕ್ಕೊಮ್ಮೆ ಅದು ತುಸು ಏರಿ ಇಳಿಯುತ್ತದೆ. ಆದರೆ ಭೂಮಿ ಬಿಸಿಯಾಗುತ್ತಾ ಹೋದ ಈ ದಶಕಗಳಲ್ಲಿ ಸೂರ್ಯನ ಶಾಖ ಏರುತ್ತಾ ಹೋಗಿಲ್ಲ. ಇನ್ನೊಂದು ಗುರುತು ಇನ್ನೂ ಸ್ಪಷ್ಟ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣ ಕೆಳಗಿನಿಂದ ಮೇಲಿನವರೆಗೂ ಬಿಸಿಯಾಗಬೇಕಿತ್ತು. ಆಗುತ್ತಿರುವುದು ಬೇರೆ. ಕೆಳಗಿನ ಪದರ ಬಿಸಿಯಾಗುತ್ತಿದೆ, ಅದರ ಮೇಲಿನ ಪದರ ತಣ್ಣಗಾಗುತ್ತಿದೆ. ಕೆಳಗೆ ಈ ಅನಿಲ ನೆಲದ ಶಾಖವನ್ನು ಕಂಬಳಿಯಂತೆ ಹಿಡಿದಿಡುತ್ತದೆ. ಮೇಲೆ, ಗಾಳಿ ತೆಳುವಾದ ಕಡೆ, ಅದೇ ಅನಿಲ ಶಾಖವನ್ನು ಆಕಾಶಕ್ಕೆ ಚೆಲ್ಲಿಬಿಡುತ್ತದೆ. ಹೀಗೇ ಆಗುತ್ತದೆ ಎಂದು ಹವಾಮಾನ ವಿಜ್ಞಾನಿಗಳಾದ ಶುಕುರೋ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿದ್ದರು. ಅಳತೆಗಳು ಆಮೇಲೆ ಬಂದು ಅದನ್ನು ಖಚಿತ ಮಾಡಿದವು. ಮನಾಬೆಗೆ 2021ರಲ್ಲಿ ನೊಬೆಲ್ ಸಿಕ್ಕಿತು. ಜಗತ್ತಿನ ಹೆಚ್ಚಿನ ಕಡೆ ಹಗಲಿಗಿಂತ ರಾತ್ರಿಗಳು ಬೇಗ ಬಿಸಿಯಾಗಿರುವುದೂ ಇದೇ ಕಂಬಳಿಯ ಗುರುತು. ಬಿಸಿಲು ಹೆಚ್ಚಾಗಿದ್ದರೆ ಹಗಲೇ ಮುಂದಿರಬೇಕಿತ್ತು.

ಇದು ನಿನ್ನೆ ಮೊನ್ನೆಯ ವಿಷಯ ಎಂದು ತಿಳಿದವರೂ ಇದ್ದಾರೆ. ಅಲ್ಲ. 1856ರಲ್ಲಿ, ಮುಂಬಯಿಯಲ್ಲಿ ಮೊದಲ ಹತ್ತಿ ಮಿಲ್ಲು ತಲೆಯೆತ್ತುತ್ತಿದ್ದ ಕಾಲದಲ್ಲಿ, ಅಮೆರಿಕದ ಯೂನಿಸ್ ಫುಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಗಾಳಿ ತುಂಬಿ ಬಿಸಿಲಿಗಿಟ್ಟು ನೋಡಿದ್ದರು. ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆಯೇ ಹೆಚ್ಚು ಬಿಸಿಯಾಯಿತು. ಇಲ್ಲಿ ಪ್ಲೇಗ್ ಬಂದ 1896ರಲ್ಲಿ ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ ಈ ಅನಿಲ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾಗಬಹುದು ಎಂದು ಕೈಯಲ್ಲೇ ಲೆಕ್ಕ ಮಾಡಿದರು. ಅವರ ಉತ್ತರ 5ರಿಂದ 6 ಡಿಗ್ರಿ. ಈಗಿನ ಅಂದಾಜು ಹೆಚ್ಚುಕಮ್ಮಿ 3 ಡಿಗ್ರಿ.

"ಹಿಂದೆಯೂ ಭೂಮಿ ಬಿಸಿಯಾಗಿತ್ತಲ್ಲ" ಎನ್ನುವ ಮಾತಿಗೆ ನನ್ನ ಉತ್ತರ ಚಿಕ್ಕದು. ಹೌದು, ಆಗಿತ್ತು. ಭೂಮಿ ಸೂರ್ಯನನ್ನು ಸುತ್ತುವ ದಾರಿ, ಅದರ ವಾಲಿಕೆ ಹತ್ತಾರು ಸಾವಿರ ವರ್ಷಗಳಲ್ಲಿ ಬದಲಾಗುತ್ತದೆ. ಹಿಂದಿನ ಹಿಮಯುಗ ಮುಗಿಯುವಾಗ ಸುಮಾರು 10 ಸಾವಿರ ವರ್ಷಗಳಲ್ಲಿ 5 ಡಿಗ್ರಿಯಷ್ಟು ಏರಿತ್ತು. ಈಗ ನೂರೈವತ್ತು ವರ್ಷದ ಒಳಗೆ ಒಂದು ಡಿಗ್ರಿ ದಾಟಿದೆ. 2024ನೇ ವರ್ಷವೊಂದನ್ನೇ ತೆಗೆದುಕೊಂಡರೆ ಒಂದೂವರೆ ಡಿಗ್ರಿಯನ್ನೂ ದಾಟಿತು. ಊರಲ್ಲಿ ಹಿಂದೆ ಸಿಡಿಲಿನಿಂದಲೂ ಕಾಡಿಗೆ ಬೆಂಕಿ ಬಿದ್ದಿತ್ತು. ಹಾಗಂತ ಇವತ್ತು ಬೀಡಿ ಎಸೆದವನದ್ದು ತಪ್ಪಿಲ್ಲ ಎನ್ನಲಾಗುವುದಿಲ್ಲ.

2021ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ತನ್ನ ವರದಿಯಲ್ಲಿ, ಮನುಷ್ಯನ ಪ್ರಭಾವದಿಂದ ಗಾಳಿ, ಸಮುದ್ರ, ನೆಲ ಬಿಸಿಯಾಗಿರುವುದರಲ್ಲಿ ಸಂದೇಹವೇ ಇಲ್ಲ ಎಂದು ಬರೆಯಿತು. ಅಳೆದು ತೂಗಿ ಮಾತಾಡುವ ಸಮಿತಿ ಅದು. ಅಲ್ಲಿ ಈ ಮಾತು ಬರಲು ಮೂವತ್ತು ವರ್ಷ ಬೇಕಾಯಿತು.

ಇಲ್ಲಿಗೆ ಮಾವ ಅರ್ಧ ಒಪ್ಪಿದ್ದರು. ಆದರೆ ಮುಂಬಯಿಯವರಿಗೆ ಇನ್ನೊಂದು ಗೊಂದಲ ಇದೆ. ಇದನ್ನು ಬಿಡಿಸದಿದ್ದರೆ ಉಳಿದದ್ದೆಲ್ಲ ವ್ಯರ್ಥ.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಅದೇ ದಿನ ಕೊಲಾಬಾದಲ್ಲಿ ಬರೇ 74. ನಾನು ಆ ಸಂಜೆ ಕುರ್ಲಾದಲ್ಲಿ ಸಿಕ್ಕಿಬಿದ್ದೆ. ಹಳಿಯ ಮೇಲೆ ಸೊಂಟದವರೆಗಿನ ನೀರಿನಲ್ಲಿ, ಗುರುತಿಲ್ಲದ ಹೆಂಗಸರ ಕೈ ಹಿಡಿದುಕೊಂಡು ನಡೆದೆ. ಡೊಂಬಿವಲಿಯ ಮನೆ ಸೇರಿದಾಗ ಮರುದಿನ ಮಧ್ಯಾಹ್ನ. ಆಮೇಲೆ ವಾರಗಟ್ಟಲೆ ಎಲ್ಲರೂ ಜಗಳವಾಡಿದ್ದು ಒಂದೇ ವಿಷಯಕ್ಕೆ. ಇದು ಹವಾಮಾನ ಬದಲಾವಣೆಯೋ, ಮಿಠಿ ನದಿಯನ್ನು ಚರಂಡಿ ಮಾಡಿದ್ದರ ಫಲವೋ?

ನನ್ನ ಪ್ರಕಾರ ಈ ಪ್ರಶ್ನೆಯನ್ನು ಕೇಳುವ ರೀತಿಯೇ ತಪ್ಪು. ನೀರು ಬಿದ್ದದ್ದು ಒಂದು, ಬಿದ್ದ ನೀರು ಹೋಗದೆ ನಿಂತದ್ದು ಇನ್ನೊಂದು. ಎರಡನೆಯದು ಖಂಡಿತ ನೆಲದ ಮೇಲಿನ ತಪ್ಪು. ಏಳು ದ್ವೀಪಗಳ ನಡುವೆ ಸಮುದ್ರ ತುಂಬಿಸಿ ಕಟ್ಟಿದ ಊರು ಇದು. ಮಿಠಿಯ ಅಗಲವನ್ನು ಕಿತ್ತುಕೊಂಡೆವು, ಖಾಡಿಯ ಕಾಂಡ್ಲಾ ಕಾಡು ಕಡಿದೆವು, ಮೋರಿಗೆ ಪ್ಲಾಸ್ಟಿಕ್ ತುಂಬಿದೆವು. ಮೊದಲನೆಯದಕ್ಕೆ, ಅಂದರೆ ಆ ಒಂದು ದಿನದ ಮಳೆಗೆ, ಬಿಸಿಯಾದ ಭೂಮಿಯೇ ಕಾರಣ ಎಂದು ಬೆರಳು ತೋರಿಸುವುದು ಸರಿಯಲ್ಲ. ಆದರೆ ದಶಕಗಳ ಮಳೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಚಿತ್ರ ಕಾಣುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು 2017ರಲ್ಲಿ ಇದನ್ನು ತೋರಿಸಿದರು. 1950ರಿಂದ 2015ರ ನಡುವೆ ಮಹಾರಾಷ್ಟ್ರವೂ ಸೇರಿ ಮಧ್ಯ ಭಾರತದಲ್ಲಿ ವಿಶಾಲವಾಗಿ ಸುರಿಯುವ ಅತಿ ಭಾರಿ ಮಳೆಗಳು ಮೂರು ಪಟ್ಟಾಗಿವೆ. ಒಟ್ಟು ಮುಂಗಾರು ಮಳೆ ಹೆಚ್ಚಾಗಿಲ್ಲ, ಸುರಿಯುವ ರೀತಿ ಬದಲಾಗಿದೆ. ಬಿಸಿಯಾದ ಅರಬ್ಬಿ ಸಮುದ್ರದಿಂದ ಬರುವ ತೇವದ ಅಲೆಗಳು ಅದಕ್ಕೆ ಕಾರಣ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಹೊತ್ತದ್ದನ್ನು ಎಲ್ಲಾದರೂ ಇಳಿಸಲೇಬೇಕಲ್ಲ.

ಸೆಕೆಯ ವಿಷಯದಲ್ಲೂ ಇದೇ. "ಕಾಂಕ್ರೀಟು ಜಾಸ್ತಿಯಾಯಿತು, ಅದಕ್ಕೇ ಸೆಕೆ" ಎನ್ನುವವರು ಹೇಳುವುದು ಮುಂಬಯಿಯ ಮಟ್ಟಿಗೆ ಅರ್ಧ ನಿಜ. ಕಾಂಕ್ರೀಟು, ಡಾಂಬರು, ಎಸಿಗಳ ಬಿಸಿಗಾಳಿ ಊರನ್ನು ಬೇಯಿಸುತ್ತವೆ. ಆದರೆ ನಡುಸಮುದ್ರದಲ್ಲಿ ಯಾವ ಕಾಂಕ್ರೀಟು ಇದೆ? ಅಲ್ಲೂ ನೀರು ಬಿಸಿಯಾಗಿದೆ. ಹಿಮಾಲಯದಲ್ಲಿ ಹಿಮ ಕರಗುತ್ತಿದೆ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನ ಬಯಲಿನಲ್ಲಿ ನಡೆದ ಪ್ರಶಸ್ತಿ ಸಮಾರಂಭದಲ್ಲಿ ಬಿಸಿಲು ತಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಆ ತಿಂಗಳು ಭಾರತ, ಬಾಂಗ್ಲಾದೇಶದಲ್ಲಿ ಇದ್ದಂಥ ಬೆವರಿಳಿಸುವ ಬಿಸಿಗಾಳಿಯ ಸಾಧ್ಯತೆ ಹವಾಮಾನ ಬದಲಾವಣೆಯಿಂದ ಕನಿಷ್ಠ 30 ಪಟ್ಟು ಹೆಚ್ಚಾಗಿದೆ ಎಂದು ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡ ಲೆಕ್ಕ ಹಾಕಿತು.

ಹೊಗೆಯದ್ದೂ ಒಂದು ಮಾತು ಹೇಳಬೇಕು, ಯಾಕೆಂದರೆ ಹೋಟೆಲಿನವರಿಗೆ ಇದು ತಟ್ಟುವ ವಿಷಯ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಸೌದೆ, ಇದ್ದಿಲು ಉರಿಸುವ ಬೇಕರಿ, ಹೋಟೆಲುಗಳು ಗ್ಯಾಸು ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಬೇಕು ಎಂದಿತು. ಅದು ಉಸಿರಾಡುವ ಗಾಳಿಗಾಗಿ, ತೀರಾ ಬೇಕಾದದ್ದು. ಆದರೆ ಕಣ್ಣಿಗೆ ಕಾಣುವ ಹೊಗೆಯೂ ಕಾಣದ ಅನಿಲವೂ ಒಂದೇ ಅಲ್ಲ. ಹೊಗೆಯ ಹಲವು ಕಣಗಳು ಬಿಸಿಲನ್ನು ತಡೆದು ಭೂಮಿಯನ್ನು ತುಸು ತಂಪಾಗಿಯೇ ಇಡುತ್ತವೆ. ಒಟ್ಟು ಜಗತ್ತಿನಲ್ಲಿ ಅರ್ಧ ಡಿಗ್ರಿಗೆ ಹತ್ತಿರದಷ್ಟು ಬಿಸಿಯನ್ನು ಈ ಕೊಳೆ ಮುಚ್ಚಿಟ್ಟಿದೆ. ಭಾರತ 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿ ಮಾತ್ರ ಬಿಸಿಯಾಯಿತು, ಜಗತ್ತಿಗಿಂತ ಕಮ್ಮಿ. ಅದಕ್ಕೆ ಒಂದು ಕಾರಣ ನಮ್ಮ ತಲೆಯ ಮೇಲಿನ ಈ ಕೊಳೆ. ಹೊಗೆ ವಾರದಲ್ಲಿ ತೊಳೆದುಹೋಗುತ್ತದೆ. ಇಂಗಾಲದ ಡೈಆಕ್ಸೈಡ್‌ನ ಒಂದು ಪಾಲು ಸಾವಿರಾರು ವರ್ಷ ಉಳಿಯುತ್ತದೆ. ಗಾಳಿ ಶುದ್ಧವಾದ ದಿನ ಮುಚ್ಚಿಟ್ಟ ಬಿಸಿ ಹೊರಗೆ ಬರುತ್ತದೆ. ಗಾಳಿ ಶುದ್ಧ ಮಾಡುವುದನ್ನು ನಿಲ್ಲಿಸಿ ಎಂದು ಇದರ ಅರ್ಥ ಅಲ್ಲ. ಎರಡನ್ನೂ ಒಟ್ಟಿಗೇ ಇಳಿಸಬೇಕು.

ಇನ್ನು 'ಮನುಷ್ಯ' ಎಂಬ ಪದ. ನನಗೆ ಇದರ ಮೇಲೆ ಸಿಟ್ಟಿದೆ. ಯಾವ ಮನುಷ್ಯ? ಅಮೆರಿಕದಲ್ಲಿ ಒಬ್ಬರ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್, ಭಾರತದಲ್ಲಿ ಸುಮಾರು 2 ಟನ್. ಇದುವರೆಗೆ ಗಾಳಿಗೆ ಸೇರಿದ ಕಲ್ಲಿದ್ದಲು, ತೈಲದ ಇಂಗಾಲದಲ್ಲಿ ಕಾಲು ಭಾಗ ಒಂದು ಅಮೆರಿಕದ್ದೇ. ದೇಶಗಳು ಒಂದು ವರ್ಷಕ್ಕೆ ಬಿಡುವ ಒಟ್ಟು ಲೆಕ್ಕದಲ್ಲಿ ಇವತ್ತು ಭಾರತ ಮೂರನೇ ಸ್ಥಾನದಲ್ಲಿದೆ ಎನ್ನುವುದೂ ನಿಜ. ಅದನ್ನು ಮುಚ್ಚಿಡಬಾರದು. ಆದರೆ ಭಾರತದ 2 ಟನ್ ಎನ್ನುವುದೂ ಸರಾಸರಿ. ಧಾರಾವಿಯ ತಗಡಿನ ಸೂರಿನ ಕೆಳಗೆ ಒಂದು ಫ್ಯಾನಿನಲ್ಲಿ ರಾತ್ರಿ ಕಳೆಯುವವಳೂ, ನಾಲ್ಕು ಎಸಿ ಹಾಕಿ ಮಲಗುವವರೂ ಅದೇ ಸರಾಸರಿಯೊಳಗೆ ಇದ್ದಾರೆ. ಬಿಸಿ ಮಾತ್ರ ಮೊದಲು ತಗಡಿಗೆ ತಾಗುತ್ತದೆ.

ಮುಂಬಯಿಗೆ ಬೇರೆ ದಾರಿ ಗೊತ್ತಿಲ್ಲದ್ದೇನಲ್ಲ. ಕಲ್ಲಿದ್ದಲಿನ ಉಗಿಯಲ್ಲಿ ಓಡುತ್ತಿದ್ದ ಇಲ್ಲಿನ ಮಿಲ್ಲುಗಳಿಗೆ 1915ರಲ್ಲೇ ಖೋಪೋಲಿಯಿಂದ ಜಲವಿದ್ಯುತ್ ಬಂದಿತ್ತು. ದೇಶದ ಮೊದಲ ವಿದ್ಯುತ್ ರೈಲು 1925ರಲ್ಲಿ ಇಲ್ಲೇ, ಬೋರಿಬಂದರಿನಿಂದ ಕುರ್ಲಾಕ್ಕೆ ಓಡಿತು. ನೂರು ವರ್ಷದ ಮೇಲೂ ಈ ಊರಿನ ವಿದ್ಯುತ್ತಿನ ದೊಡ್ಡ ಪಾಲು ಕಲ್ಲಿದ್ದಲಿನದು. 2022ರ ಮುಂಬಯಿ ಹವಾಮಾನ ಯೋಜನೆ 2050ರ ಹೊತ್ತಿಗೆ ಊರು ಬಿಡುವ ಇಂಥ ಅನಿಲವನ್ನು ನಿವ್ವಳ ಶೂನ್ಯಕ್ಕೆ, ಅಂದರೆ ಬಿಟ್ಟಷ್ಟನ್ನೂ ಹೀರಿಕೊಳ್ಳುವ ಲೆಕ್ಕಕ್ಕೆ, ತರುವ ಗುರಿ ಇಟ್ಟಿದೆ.

ಮಾವ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡಿದ್ದರು. 100. ಅದರ ಕೆಳಗೆ 45. ಪಕ್ಕದಲ್ಲಿ 55. ಪೆನ್ಸಿಲ್ 55ರ ಮೇಲೆ ನಿಂತಿತು. "ಈ ಐವತ್ತೈದು ತೆಗೀತಾ ಇರುವವರು ಒಂದು ದಿನ ಆಗುವುದಿಲ್ಲ ಅಂದರೆ?"

ನಾನು ಎಷ್ಟೋ ಕಡೆ ಈ ವಿಷಯ ಮಾತಾಡಿದ್ದೇನೆ. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಆ 55ರಲ್ಲಿ ಸುಮಾರು 30 ಕಾಡು ಮತ್ತು ಮಣ್ಣಿನ ಪಾಲು, 25 ಸಮುದ್ರದ್ದು. ಬರಗಾಲ ಬಿದ್ದ, ಕಾಡ್ಗಿಚ್ಚು ಎದ್ದ ವರ್ಷಗಳಲ್ಲಿ ಕಾಡು ತೆಗೆದುಕೊಳ್ಳುವುದು ಈಗಲೇ ಕಮ್ಮಿಯಾಗುತ್ತದೆ. ಸಮುದ್ರ ಎಳೆದುಕೊಂಡ ಇಂಗಾಲ ನೀರಿನಲ್ಲಿ ಆಮ್ಲವಾಗುತ್ತದೆ. ಕಾರ್ಖಾನೆ ಯುಗದಿಂದ ಈಚೆಗೆ ಸಮುದ್ರದ ಮೇಲ್ಪದರದ ಆಮ್ಲತೆ ಶೇ. 30ರ ಹತ್ತಿರ ಹೆಚ್ಚಿದೆ. ಚಿಪ್ಪು ಕಟ್ಟಿಕೊಳ್ಳುವ ಜೀವಿಗಳಿಗೆ ಅದು ಕಷ್ಟ. ನಮ್ಮೂರ ಅಳಿವೆಯ ಮರುವಾಯಿಯೂ ಆ ಜಾತಿಯದ್ದೇ. ಜೊತೆಗೆ ಭೂಮಿ ಹಿಡಿದಿಟ್ಟ ಹೆಚ್ಚುವರಿ ಬಿಸಿಯಲ್ಲಿ ಶೇ. 90ರಷ್ಟನ್ನು ಇದೇ ಸಮುದ್ರ ನುಂಗಿದೆ. ಬಿಸಿಯಾದ ನೀರಿಗೆ ಅನಿಲ ಕರಗಿಸಿಕೊಳ್ಳುವ ಶಕ್ತಿ ಕಮ್ಮಿ. ನಾವು ಹಾಕುತ್ತಲೇ ಹೋದರೆ 45 ಎನ್ನುವುದು 50 ಆಗುತ್ತದೆ, ಆಮೇಲೆ ಇನ್ನೂ ಮೇಲೆ.

ಮಾವ ಆ ಚೀಟಿಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಸಂಜೆ ಸಂಘದಲ್ಲಿ ಇನ್ನಿಬ್ಬರಿಗೆ ತೋರಿಸಬೇಕಂತೆ.